ಐದಡಿ ನಾಲ್ಕಿಂಚಿನ ನಾವಿಕ

(ಕರಾವಳಿಯ ಊರೊಂದರ ಗ್ರಂಥಾಲಯದಲ್ಲಿ ಆಡಿದ ಮಾತಿನ ಬರಹ ರೂಪ. ತೀರಾ ಅಡ್ಡಾದಿಡ್ಡಿಯಾದ ಕಡೆ ಮಾತ್ರ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನ ಎತ್ತರ ಐದಡಿ ನಾಲ್ಕಿಂಚು. ಭಾಷಣಕ್ಕೆ ಬಂದವರು ಎತ್ತರ ಯಾಕೆ ಹೇಳುತ್ತಿದ್ದಾರೆ ಅಂತ ಮುಂದಿನ ಸಾಲಿನ ಮಕ್ಕಳು ನಗುತ್ತಿದ್ದಾರೆ. ನಗಲಿ. ಸುತ್ತಿ ಬಳಸಿ ಕೊನೆಗೆ ಇದೇ ಅಳತೆಗೆ ಬರುತ್ತೇನೆ.

ನಾನು ಮದುವೆಯಾಗಿ ಹೋಗಿ ನೆಲೆಸಿದ್ದು ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ. ಗಂಡ ಅಲ್ಲಿಯವರೇ. ಅತ್ತೆ ಹುಟ್ಟಿ ಬೆಳೆದದ್ದು ಮಸಾಚುಸೆಟ್ಸ್‌ನ ನ್ಯೂ ಬೆಡ್‌ಫರ್ಡ್ ಎಂಬ ಬಂದರಿನಲ್ಲಿ. ಮದುವೆಯಾದ ಹೊಸದರಲ್ಲಿ ಅವರ ಮನೆಗೆ ಊಟಕ್ಕೆ ಹೋದಾಗಲೆಲ್ಲ ಒಂದೇ ಕತೆ. ಅತ್ತೆಯ ಮುತ್ತಜ್ಜ ತಿಮಿಂಗಿಲ ಬೇಟೆಯ ಹಡಗಿನಲ್ಲಿ ದುಡಿದವರು, ಉತ್ತರದ ಹಿಮದಲ್ಲಿ ಹಡಗು ಸಿಕ್ಕಿಬಿದ್ದು, ಅದನ್ನು ಅಲ್ಲೇ ಬಿಟ್ಟು ನಡೆದುಬಂದವರು. ಪ್ರತಿ ಸಲ ಸಾರು ಬಡಿಸುವ ಹೊತ್ತಿಗೆ ಹಡಗು ಹಿಮದಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಕಾಫಿ ಬರುವ ಹೊತ್ತಿಗೆ ಬಿಡುಗಡೆಯಾಗುತ್ತಿತ್ತು. ನಾನು ತಲೆಯಾಡಿಸುತ್ತಿದ್ದೆ. ನಮ್ಮಲ್ಲೂ ಹಿರಿಯರು ಹೀಗೆ ಹೇಳುವುದನ್ನು ಕೇಳಿ ಬೆಳೆದವಳು, ಅರ್ಧಕ್ಕರ್ಧ ಕಳೆದು ನಂಬಬೇಕು ಅಂತ ಗೊತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮುತ್ತಜ್ಜ ಅಂದ ಕೂಡಲೇ ನಮಗೆ ಬಿಳಿ ಗಡ್ಡ, ಊರುಗೋಲು ಕಣ್ಣಿಗೆ ಬರುತ್ತವೆ. ಹಡಗು ಹತ್ತಿದಾಗ ಈತನಿಗೆ ಹದಿನೇಳು ವರ್ಷ. ಮೀಸೆ ಸರಿಯಾಗಿ ಮೂಡಿರಲಿಲ್ಲವೇನೋ. ಹಾಗಾಗಿ ಇವತ್ತು ನಾನು ಅವನನ್ನು 'ಅವನು' ಅಂತಲೇ ಕರೆಯುತ್ತೇನೆ. ಹೆಸರು ಹೇಳುವುದಿಲ್ಲ, ಮನೆಯವರಿಗೆ ಅದು ಇಷ್ಟವಿಲ್ಲ. ಇನ್ನೊಂದು ಕಾರಣವೂ ಇದೆ. ಕಾಗದದಲ್ಲಿರುವುದು ಅವನ ನಿಜವಾದ ಹೆಸರೇ ಅಲ್ಲ.

ಅವನು ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳವನು. ಪೋರ್ಚುಗೀಸರ ದ್ವೀಪಗಳು, ಅವುಗಳಲ್ಲಿ ಫಯಾಲ್ ಒಂದು. ನ್ಯೂ ಬೆಡ್‌ಫರ್ಡ್‌ನಿಂದ ಹೊರಟ ಬೇಟೆಯ ಹಡಗುಗಳು ಫಯಾಲ್‌ನ ಓರ್ಟಾ ಬಂದರಿನಲ್ಲಿ ನಿಂತು ತರಕಾರಿ, ನೀರು ತುಂಬಿಕೊಳ್ಳುತ್ತಿದ್ದವು. ಜೊತೆಗೆ ಹುಡುಗರನ್ನೂ ತುಂಬಿಕೊಳ್ಳುತ್ತಿದ್ದವು. ಊರಲ್ಲಿದ್ದರೆ ಬಡತನ, ಇಲ್ಲವೇ ಕಡ್ಡಾಯ ಸೈನ್ಯ. ಹಡಗು ಹತ್ತಿದರೆ ಎಲ್ಲಿಗೋ ಹೋದೇನು ಎಂಬ ಆಸೆ. ಹತ್ತಿದ ಮೇಲೆ ಬರೆಯುವವನ ಬಾಯಿಗೆ ಬಂದದ್ದೇ ಹೆಸರು. ಪೆರೇರಾ ಪೆರ್ರಿ ಆದ, ರೊಡ್ರಿಗಸ್ ರಾಜರ್ಸ್ ಆದ. ಪೋರ್ಚುಗೀಸಿನಲ್ಲಿ ರೇಯ್ಸ್ ಅಂದರೆ ರಾಜರು, ಹಾಗಾಗಿ ಎಷ್ಟೋ ಜನ ರೇಯ್ಸ್‌ಗಳು ಕಿಂಗ್ ಆದರು. ನಮ್ಮ ಹುಡುಗನಿಗೂ ಹೀಗೇ ಆಯಿತು.

ಇನ್ನೊಂದು ತೊಡಕು. ಹಡಗು ನ್ಯೂ ಬೆಡ್‌ಫರ್ಡ್ ಬಿಡುವಾಗ ಸುಂಕದ ಕಚೇರಿಗೆ ಸಿಬ್ಬಂದಿಯ ಪಟ್ಟಿ ಕೊಡಬೇಕಿತ್ತು. ದಾರಿಯಲ್ಲಿ ಹತ್ತಿದವರು ಆ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು? ಅತ್ತೆ ವರ್ಷಗಟ್ಟಲೆ ಹುಡುಕಿದರು. ಕೊನೆಗೆ ಸಿಕ್ಕಿದ್ದು ಅವನ ಎರಡನೆಯ ಯಾನ, 1875ರದ್ದು. ಆಗ ಅವನು ನ್ಯೂ ಬೆಡ್‌ಫರ್ಡ್‌ನಿಂದಲೇ ಹೊರಟಿದ್ದ. ಒಂದೇ ಒಂದು ಸಾಲು. ವಯಸ್ಸು 24. ಹುಟ್ಟಿದ್ದು ಫಯಾಲ್. ಮೈಬಣ್ಣ ಕಪ್ಪು. ಕೂದಲು ಕಪ್ಪು. ಎತ್ತರ ಐದಡಿ ನಾಲ್ಕಿಂಚು.

ಆ ಕಾಲದ ಪಟ್ಟಿಗಳಲ್ಲಿ ಹೀಗೆ ಎತ್ತರ, ಮೈಬಣ್ಣ, ಕೂದಲು ಬರೆಯುತ್ತಿದ್ದುದು ಯಾರ ಮೇಲಿನ ಪ್ರೀತಿಗೂ ಅಲ್ಲ. ಭಾವಚಿತ್ರ ಅಂಟಿಸುವ ಕಾಲ ಅದಲ್ಲ, ಆಳನ್ನು ಗುರುತಿಸಲು ಇದೇ ದಾರಿ. ಸಂತೆಯಲ್ಲಿ ಎತ್ತಿನ ಸುಳಿ, ಕೊಂಬು ನೋಡಿ ಬರೆದುಕೊಂಡ ಹಾಗೆ. ಆದರೂ ನೋಡಿ, ಒಂದೂವರೆ ಶತಮಾನದ ಮೇಲೆ ಮೊಮ್ಮಕ್ಕಳ ಮೊಮ್ಮಕ್ಕಳ ಕೈಗೆ ಸಿಕ್ಕಿದ್ದು ಆ ಸಾಲೇ.

ಈಗ ಸ್ವಲ್ಪ ಕಸುಬಿನ ಮಾತು. ತಿಮಿಂಗಿಲವನ್ನು ಯಾಕೆ ಕೊಲ್ಲುತ್ತಿದ್ದರು? ಮುಖ್ಯವಾಗಿ ಬೆಳಕಿಗೆ. ಸ್ಪರ್ಮ್ ತಿಮಿಂಗಿಲದ ಎಣ್ಣೆ ದೀಪಕ್ಕೆ, ಯಂತ್ರಗಳ ಕೀಲಿಗೆ. ಅದರ ತಲೆಯೊಳಗಿನ ಮೇಣದಂಥ ಕೊಬ್ಬು ಒಳ್ಳೆಯ ಮೇಣದಬತ್ತಿಗೆ. ನ್ಯೂ ಬೆಡ್‌ಫರ್ಡ್ ನಗರದ ಧ್ಯೇಯವಾಕ್ಯವೇ ಲ್ಯಾಟಿನ್‌ನಲ್ಲಿ 'ನಾನು ಬೆಳಕು ಹರಡುತ್ತೇನೆ' ಅಂತ. 1857ರಲ್ಲಿ ಆ ಒಂದು ಬಂದರಿಗೆ ಸೇರಿದ ಬೇಟೆಯ ಹಡಗುಗಳೇ 329. ಆಮೇಲೆ 1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ನೆಲ ಕೊರೆದು ಕಲ್ಲೆಣ್ಣೆ ತೆಗೆದರು. ಸೀಮೆಎಣ್ಣೆ ಬಂತು, ತಿಮಿಂಗಿಲದ ಎಣ್ಣೆಗೆ ಬೆಲೆ ಇಳಿಯಿತು. ಹಾಗಂತ ಬೇಟೆ ನಿಲ್ಲಲಿಲ್ಲ. ಉತ್ತರ ಧ್ರುವದ ಕಡೆ ಬೋಹೆಡ್ ಎಂಬ ತಿಮಿಂಗಿಲವಿದೆ. ಅದಕ್ಕೆ ಹಲ್ಲಿಲ್ಲ. ಬಾಯೊಳಗೆ ಬಾಚಣಿಗೆಯ ಹಾಗೆ ಉದ್ದುದ್ದ ಪಟ್ಟಿಗಳಿವೆ, ನೀರು ಸೋಸಿ ಸಣ್ಣ ಜೀವಿಗಳನ್ನು ತಿನ್ನಲು. ಬಳುಕುತ್ತವೆ, ಮುರಿಯುವುದಿಲ್ಲ. ಹೆಂಗಸರ ಸೊಂಟ ಬಿಗಿಯುವ ಕಾರ್ಸೆಟ್ಟಿಗೆ, ಕೊಡೆಯ ಕಡ್ಡಿಗೆ, ಗಾಡಿಯ ಚಾವಟಿಗೆ ಅದು ಬೇಕಿತ್ತು. ದೀಪ ಹೋದರೂ ಸೊಂಟ ಉಳಿಯಿತು ಅನ್ನಿ. ನಮ್ಮ ಹುಡುಗ ಹಿಮದ ಕಡೆ ಹೋದದ್ದು ಈ ಪಟ್ಟಿಗಳಿಗಾಗಿ.

ಸಂಬಳ? ಸಂಬಳ ಅಂತ ಇರಲಿಲ್ಲ, ಪಾಲು. ಕಪ್ತಾನನಿಗೆ ಹತ್ತು ಹನ್ನೆರಡರಲ್ಲಿ ಒಂದರ ಆಸುಪಾಸು, ಹೊಸ ಹುಡುಗನಿಗೆ 175ರಲ್ಲಿ ಒಂದೋ 200ರಲ್ಲಿ ಒಂದೋ. ಅದರಲ್ಲೂ ಹಡಗಿನ ಪೆಟ್ಟಿಗೆಯಿಂದ ತೆಗೆದುಕೊಂಡ ಅಂಗಿ, ಚಾಕು, ತಂಬಾಕಿನ ಲೆಕ್ಕ ಕಳೆಯಬೇಕು. ಮೂರು ನಾಲ್ಕು ವರ್ಷ ದುಡಿದು ಸಾಲಗಾರನಾಗಿ ಇಳಿದವರಿದ್ದಾರೆ. ನಮ್ಮ ಕಡೆ ಬಲೆ ದೋಣಿಯಲ್ಲಿ ಪಾಲಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮೀನು ಇಲ್ಲದ ದಿನ ಪಾಲೂ ಇಲ್ಲ.

1871ರ ಬೇಸಿಗೆ. ಅಲಾಸ್ಕಾದ ವಾಯವ್ಯ ಕರಾವಳಿಯಲ್ಲಿ, ನೆಲಕ್ಕೂ ಹಿಮಕ್ಕೂ ನಡುವಿನ ಓಣಿಯಂಥ ನೀರಿನಲ್ಲಿ ಹಡಗುಗಳು ಸಾಲಾಗಿ ಸೇರಿಕೊಂಡವು. ಈ ವರ್ಷದ ಹಿಮ ಬೇರೆ ಥರ ಇದೆ, ಹೋಗಬೇಡಿ ಅಂತ ಅಲ್ಲಿನ ಇನ್ಯೂಪಿಯಾಟ್ ಜನ ಎಚ್ಚರಿಸಿದ್ದರು. ಕಪ್ತಾನರು ಕೇಳಲಿಲ್ಲ. ಪ್ರತಿ ವರ್ಷ ಮೂಡಣ ಗಾಳಿ ಬೀಸಿ ಹಿಮವನ್ನು ದೂರ ತಳ್ಳುತ್ತಿತ್ತು, ಈ ಸಲವೂ ತಳ್ಳುತ್ತದೆ ಅಂದುಕೊಂಡರು. ತಳ್ಳಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲೇ ಕಾಮೆಟ್ ಎಂಬ ಹಡಗನ್ನು ಹಿಮ ಅಡಕೆ ಕತ್ತರಿಯ ನಡುವಿನ ಅಡಕೆಯ ಹಾಗೆ ಒಡೆದುಹಾಕಿತು. ಸೆಪ್ಟೆಂಬರ್ 12ಕ್ಕೆ ಕಪ್ತಾನರೆಲ್ಲ ಕೂತು, ಹಡಗು ಬಿಡುತ್ತೇವೆ ಅಂತ ಬರೆದು ಸಹಿ ಹಾಕಿದರು. ಮಾಲೀಕರಿಗೆ ಉತ್ತರ ಕೊಡಬೇಕಲ್ಲ. 14ಕ್ಕೆ ಎಲ್ಲರೂ ಬೇಟೆಯ ಸಣ್ಣ ದೋಣಿಗಳಿಗೆ ಇಳಿದರು. ಬಿಟ್ಟ ಹಡಗು 33. ಹೊರಟ ಜನ 1,219. ಅದರಲ್ಲಿ ಕಪ್ತಾನರ ಹೆಂಡಂದಿರು, ಮಕ್ಕಳೂ ಇದ್ದರು. ಕಪ್ತಾನರೊಬ್ಬರ 12 ವರ್ಷದ ಮಗ, ವಿಲಿಯಂ ಫಿಶ್ ವಿಲಿಯಮ್ಸ್, ದೊಡ್ಡವನಾದ ಮೇಲೆ ಅದನ್ನೆಲ್ಲ ಬರೆದಿಟ್ಟಿದ್ದಾನೆ.

ದಕ್ಷಿಣಕ್ಕೆ ಎಪ್ಪತ್ತು ಮೈಲಿಯ ಆಚೆ, ಹಿಮಕ್ಕೆ ಸಿಕ್ಕದ ಏಳು ಹಡಗುಗಳು ಕಾಯುತ್ತಿದ್ದವು. ಆ ಏಳೂ ಹಡಗಿನವರು ತಮ್ಮ ಎಣ್ಣೆ ಪೀಪಾಯಿ, ಸರಕು ಸಮುದ್ರಕ್ಕೆ ಎಸೆದು ಜಾಗ ಮಾಡಿಕೊಟ್ಟರು. ಹಿಡಿದದ್ದನ್ನೆಲ್ಲ ಎಸೆದು, ಹಿಡಿಯಬೇಕಾದ್ದನ್ನೂ ಬಿಟ್ಟು, 1,219 ಜನರನ್ನು ಹವಾಯಿ ದ್ವೀಪಗಳ ಹೊನೊಲುಲುವಿಗೆ ತಂದರು. ಒಂದು ಜೀವ ಹೋಗಲಿಲ್ಲ. ಊಟದ ಮೇಜಿನ ಕತೆಯಲ್ಲಿ ಅರ್ಧ ಕಳೆಯುತ್ತಿದ್ದೆ ಅಂದೆನಲ್ಲ, ಇಲ್ಲಿ ಕಳೆಯಲು ಏನೂ ಸಿಗಲಿಲ್ಲ. 'ನಡೆದುಬಂದ' ಅನ್ನುವುದೊಂದು ತಪ್ಪು, ಹುಟ್ಟು ಹಾಕಿ ಬಂದ. ನಮ್ಮ ಹುಡುಗ ಹತ್ತಿದ್ದು ಲಗೋಡಾ ಎಂಬ ಹಡಗು, ಅದರಲ್ಲಿ ಬಂದ 195 ಜನರಲ್ಲಿ ಒಬ್ಬ ಅನ್ನುವುದು ಮನೆಯ ಮಾತು. ಹಡಗು ಹೋದ ಮೇಲೆ ಅದರ ಹೊಟ್ಟೆಯಲ್ಲಿದ್ದ ಪಾಲೂ ಹೋಯಿತು. ನಾಲ್ಕು ವರ್ಷ ಕಳೆದು ಮತ್ತೆ ಹಡಗು ಹತ್ತಿದ ಅಂದರೆ ಅದು ಸಾಹಸದ ಚಪಲ ಅಂತ ನನಗೆ ಅನಿಸುವುದಿಲ್ಲ.

ಲಗೋಡಾ ಹೆಸರಿನದೂ ಒಂದು ತಮಾಷೆ. ರಷ್ಯಾದ ಲಡೋಗಾ ಸರೋವರದ ಹೆಸರಿಡಲು ಹೋಗಿ ಅಕ್ಷರ ಅದಲುಬದಲಾಯಿತು, ಹಾಗೇ ಉಳಿಯಿತು. ತಪ್ಪು ಹೆಸರಿನ ಹುಡುಗನನ್ನು ತಪ್ಪು ಹೆಸರಿನ ಹಡಗು ಉಳಿಸಿತು ಅಂತ ಅತ್ತೆ ನಗುತ್ತಾರೆ.

ನ್ಯೂ ಬೆಡ್‌ಫರ್ಡ್‌ನ ವೇಲಿಂಗ್ ಮ್ಯೂಸಿಯಂನಲ್ಲಿ ಲಗೋಡಾದ ಮಾದರಿಯಿದೆ. 1916ರಲ್ಲಿ, ಅದರ ಮಾಲೀಕ ಜೊನಾಥನ್ ಬೋರ್ನ್ ಅವರ ಮಗಳು ತಂದೆಯ ನೆನಪಿಗೆ ಕಟ್ಟಿಸಿದ್ದು. ಸರಿಯಾಗಿ ಅರ್ಧ ಅಳತೆ, 89 ಅಡಿ ಉದ್ದ, ಕಟ್ಟಡದೊಳಗೇ ನಿಂತಿದೆ, ಮೇಲೆ ಹತ್ತಬಹುದು. ಬಲು ಚೆಂದ. ಆದರೆ ಅರ್ಧ ಅಳತೆಯ ಹಡಗು ಹತ್ತಿದವನು ದುಪ್ಪಟ್ಟು ಆಳಾಗುತ್ತಾನೆ. ನನ್ನ ಮಗ ಅದರ ಡೆಕ್ ಮೇಲೆ ಬಕಾಸುರನ ಹಾಗೆ ಓಡಾಡಿದ, ಎಂಟು ವರ್ಷದವನು. ಅತ್ತೆ ಪಕ್ಕದಲ್ಲಿ ನಿಂತು, 'ಇಲ್ಲಿ ಅವನು ಸಿಗುವುದಿಲ್ಲ' ಅಂದರು. ಆಗ ನನಗೆ ಅರ್ಥವಾಗಿರಲಿಲ್ಲ.

ಹಾಗಾದರೆ ನಿಜವಾದ ಹಡಗುಗಳೆಲ್ಲ ಏನಾದವು? ಅಮೆರಿಕದ ಬೇಟೆಯ ಹಡಗುಗಳು ಒಟ್ಟು 2,700ಕ್ಕೂ ಹೆಚ್ಚು ಇದ್ದವು. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ಅಂತರ್ಯುದ್ಧದಲ್ಲಿ ಉತ್ತರದವರು ಹತ್ತಾರು ಹಳೆಯ ಹಡಗುಗಳಿಗೆ ಕಲ್ಲು ತುಂಬಿ, ದಕ್ಷಿಣದವರ ಬಂದರು ಮುಚ್ಚಲೆಂದು ಚಾರ್ಲ್ಸ್‌ಟನ್ ಬಾಯಿಯಲ್ಲಿ ಮುಳುಗಿಸಿದರು. 1865ರ ಜೂನ್‌ನಲ್ಲಿ ದಕ್ಷಿಣದವರ ಶೆನಂಡೊವಾ ಎಂಬ ಯುದ್ಧನೌಕೆ ಬೇರಿಂಗ್ ಸಮುದ್ರಕ್ಕೆ ಹೋಗಿ ಇಪ್ಪತ್ತರಷ್ಟು ಹಡಗು ಸುಟ್ಟಿತು. ಅಷ್ಟರಲ್ಲಿ ಅವರ ಸೇನಾಪತಿ ಲೀ ಶರಣಾಗಿ ಎರಡು ತಿಂಗಳಾಗಿತ್ತು! 1871ರಲ್ಲಿ ಹಿಮ 33 ತಿಂದಿತು. ಉಳಿದವು ಬಿರುಗಾಳಿಗೆ, ಬಂಡೆಗೆ, ಗೆದ್ದಲಿನಂಥ ಸಮುದ್ರದ ಹುಳುವಿಗೆ, ಕೊನೆಗೆ ಕಟ್ಟಿಗೆ ವ್ಯಾಪಾರಿಗೆ. ಲಗೋಡಾ ಕೂಡ ಜಪಾನಿನಲ್ಲಿ ಕಲ್ಲಿದ್ದಲು ತುಂಬುವ ಹಾಳು ಹಡಗಾಗಿ ಮುಗಿಯಿತು. ಇವತ್ತು ಇಡೀ 2,700ರಲ್ಲಿ ಮರದ ಮೈ ನೀರಿನ ಮೇಲಿರುವುದು ಒಂದೇ ಒಂದು, ಚಾರ್ಲ್ಸ್ ಡಬ್ಲ್ಯೂ. ಮಾರ್ಗನ್.

ನಮ್ಮ ಹುಡುಗ ಮಾರ್ಗನ್ ಮೇಲೆ ಕಾಲಿಟ್ಟವನಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಕತೆಗಳಲ್ಲಿ 'ನಮ್ಮಜ್ಜ ಇದೇ ಮರ ಮುಟ್ಟಿದ್ದ' ಅಂತ ಕಣ್ಣೀರು ಹಾಕುವುದು ಸುಲಭ. ನಮಗೆ ಆ ಭಾಗ್ಯವಿಲ್ಲ. ನಮ್ಮದು ಎರವಲು ಹಡಗು. ಸಾವಿರಾರು ಮನೆಯವರಿಗೆ ಹೀಗೇ, ಹೋದ ಎಲ್ಲ ಹಡಗುಗಳ ಪರವಾಗಿ ಇದೊಂದು ನಿಂತಿದೆ.

ಮಾರ್ಗನ್ ನೀರಿಗಿಳಿದದ್ದು 1841ರ ಜುಲೈ 21ರಂದು, ನ್ಯೂ ಬೆಡ್‌ಫರ್ಡ್‌ನ ಹಿಲ್‌ಮನ್ ಸಹೋದರರ ಹಡಗುಕಟ್ಟೆಯಲ್ಲಿ. ಹೆಸರು ಅದರ ಮುಖ್ಯ ಮಾಲೀಕನದೇ, ಆತ ಕ್ವೇಕರ್ ಎಂಬ ಕ್ರೈಸ್ತ ಪಂಥದ ವ್ಯಾಪಾರಿ. 80 ವರ್ಷದಲ್ಲಿ 37 ಯಾನ. ತಂದದ್ದು 54,483 ಪೀಪಾಯಿ ಎಣ್ಣೆ, 1,52,934 ಪೌಂಡು ಬಾಯಿಪಟ್ಟಿ. ಲೆಕ್ಕ ಎಷ್ಟು ಚೊಕ್ಕ ನೋಡಿ, ಎಷ್ಟು ಜೀವ ಅಂತ ಮಾತ್ರ ಯಾರೂ ಇಷ್ಟು ಚೊಕ್ಕವಾಗಿ ಬರೆದಿಡಲಿಲ್ಲ. ಅದರಲ್ಲಿ ದುಡಿದವರು ಸಾವಿರಕ್ಕೂ ಹೆಚ್ಚು ಜನ, ಕೇಪ್ ವರ್ಡಿಯವರು, ಅಜೋರ್ಸಿನವರು, ಪೆಸಿಫಿಕ್ ದ್ವೀಪದವರು, ನ್ಯೂಜಿಲೆಂಡಿನವರು. ಕಪ್ತಾನ್ ಅರ್ಲ್‌ನ ಹೆಂಡತಿ ಹಾನರ್ ಅರ್ಲ್ ನ್ಯೂಜಿಲೆಂಡಿನವಳು, ಗಂಡನ ಜೊತೆ ಹಡಗಲ್ಲೇ ಇದ್ದು ದಿಕ್ಕು ಲೆಕ್ಕ ಹಾಕುವ ಕೆಲಸವನ್ನೂ ಕಲಿತು ಮಾಡಿದಳು. ಅವಳ ಮೇಲೆ ಇನ್ನೊಂದು ಉಪನ್ಯಾಸವೇ ಆಗಬೇಕು, ಇವತ್ತು ಬೇಡ.

ಉಳಿದದ್ದು ಹೇಗೆ ಅಂದರೆ ಅರ್ಧ ಅದೃಷ್ಟ, ಅರ್ಧ ಹಟ. 1921ಕ್ಕೆ ಬೇಟೆ ಮುಗಿಯಿತು. 1924ರಲ್ಲಿ ಉರಿಯುತ್ತಿದ್ದ ಉಗಿಹಡಗೊಂದು ಕಟ್ಟು ಕಳಚಿಕೊಂಡು ತೇಲಿಬಂದು ಇದರ ಮೈಗೇ ಒರಗಿತು, ಅಗ್ನಿಶಾಮಕದವರು ಹೇಗೋ ಉಳಿಸಿದರು. ಹ್ಯಾರಿ ನೇಲಂಡ್ ಎಂಬ ಚಿತ್ರಕಾರ ಅದನ್ನು ಉಳಿಸಲು ಜನರ ಮನಸ್ಸು ಒಲಿಸಿದ. ಕೊನೆಗೆ ಕರ್ನಲ್ ಗ್ರೀನ್ ಎಂಬ ಭಾರಿ ಶ್ರೀಮಂತ ತನ್ನ ಸಮುದ್ರದಂಚಿನ ಎಸ್ಟೇಟಿಗೆ ತಂದು, ಹಡಗನ್ನು ಮರಳಲ್ಲಿ ನೆಟ್ಟು ನೋಡಲು ಬಿಟ್ಟ. ಅವನ ತಾಯಿಯ ಮನೆತನದ ಹಣ ಹುಟ್ಟಿದ್ದೇ ತಿಮಿಂಗಿಲದ ಎಣ್ಣೆಯಿಂದ, ಹಾಗಾಗಿ ಋಣ ತೀರಿಸಿದ ಅನ್ನಬಹುದು. ಪೂರ್ತಿ ತೀರಿಸಲಿಲ್ಲ. 1936ರಲ್ಲಿ ಸತ್ತಾಗ ಹಡಗಿಗೆ ಒಂದು ಕಾಸೂ ಬರೆದಿಟ್ಟಿರಲಿಲ್ಲ. 1938ರ ಚಂಡಮಾರುತ ಬೇರೆ ಬಡಿಯಿತು. 1941ರ ನವೆಂಬರ್‌ನಲ್ಲಿ ಮರಳಿನಿಂದ ಬಿಡಿಸಿ ಕನೆಕ್ಟಿಕಟ್‌ನ ಮಿಸ್ಟಿಕ್ ಸೀಪೋರ್ಟ್ ವಸ್ತುಸಂಗ್ರಹಾಲಯಕ್ಕೆ ಎಳೆದು ತಂದರು. ಒಂದು ತಿಂಗಳು ತಡವಾಗಿದ್ದರೆ ಪರ್ಲ್ ಹಾರ್ಬರ್, ಯುದ್ಧ. ಹಳೇ ಹಡಗನ್ನು ಆಗ ಯಾರು ಕೇಳುತ್ತಿದ್ದರು?

2008ರಿಂದ ಐದು ವರ್ಷ ದುರಸ್ತಿ. ಅದಕ್ಕೆ ಬೇಕಾದದ್ದು ಲೈವ್ ಓಕ್ ಎಂಬ ಗಟ್ಟಿ ಮರ. ಬಾಸ್ಟನ್‌ನ ಹಳೆಯ ಚಾರ್ಲ್ಸ್‌ಟೌನ್ ನೌಕಾಕಟ್ಟೆಯಲ್ಲಿ ಕಟ್ಟಡಕ್ಕೆ ಅಡಿಪಾಯ ತೋಡುವಾಗ, ಹಾಯಿ ಹಡಗಿನ ಕಾಲದಲ್ಲಿ ನೀರಲ್ಲಿ ಮುಳುಗಿಸಿಟ್ಟಿದ್ದ ಮರ ಕೆಸರಿನೊಳಗಿಂದ ಸಿಕ್ಕಿತು, ಕೊಳೆಯದೆ. ಸ್ವಲ್ಪ ಮರ ಕತ್ರೀನಾ ಚಂಡಮಾರುತಕ್ಕೆ ಉರುಳಿದ್ದು. ಹೀಗೆ ಬದಲಿಸುತ್ತಾ ಹೋದರೆ ಹಳೆಯ ಹಡಗು ಎಲ್ಲಿ ಉಳಿಯಿತು ಅಂತ ಕೇಳುವವರಿದ್ದಾರೆ. ನಾನು ತೇರನ್ನು ತೋರಿಸುತ್ತೇನೆ. ರಥಬೀದಿಯಲ್ಲಿ ಗಾಲಿ ಬದಲಿಸಿದ್ದೇವೆ, ಅಚ್ಚು ಬದಲಿಸಿದ್ದೇವೆ, ತೇರು ಬದಲಾಗಿದೆ ಅಂತ ಯಾರಾದರೂ ಅಂದರಾ? ಮಾರ್ಗನ್‌ನ ಬೆನ್ನುಮೂಳೆಯಂಥ ತಳದ ಮರ, ಕೀಲ್ ಅನ್ನುತ್ತಾರೆ, ಅದು 1841ರದ್ದೇ. 2013ರಲ್ಲಿ ಮತ್ತೆ ಅದೇ ಜುಲೈ 21ಕ್ಕೆ ನೀರಿಗಿಳಿಸಿದರು. ಅದು ಸುತ್ತಿದ ಸಾಗರಗಳ ನೀರು ತುಂಬಿದ ಬಾಟಲಿಯನ್ನು ಮೂತಿಗೆ ಒಡೆದದ್ದು ಮಾಲೀಕ ಮಾರ್ಗನ್‌ನ ವಂಶದವರು. ಅಲ್ಲೂ ಮಾಲೀಕರ ಮನೆಯವರೇ ಮುಂದೆ ಅಂತ ಅತ್ತೆ ಗೊಣಗಿದರು.

2014ರಲ್ಲಿ 38ನೆಯ ಯಾನ, 93 ವರ್ಷದ ಮೇಲೆ. ಹಾಯಿ ಬಿಚ್ಚಿ ನ್ಯೂ ಲಂಡನ್, ನ್ಯೂಪೋರ್ಟ್, ಮಾರ್ಥಾಸ್ ವಿನಿಯರ್ಡ್ ದ್ವೀಪ, ಅಲ್ಲಿಂದ ಹುಟ್ಟೂರು ನ್ಯೂ ಬೆಡ್‌ಫರ್ಡ್. ಕಲಾವಿದರು, ಶಿಕ್ಷಕರು, ವಿಜ್ಞಾನಿಗಳ ಜೊತೆ ಹಳೆಯ ನಾವಿಕರ ವಂಶದವರನ್ನೂ ಆರಿಸಿ ಒಂದೊಂದು ಹಂತಕ್ಕೆ ಕರೆದೊಯ್ದರು. ನಾವು ಆ ಪುಣ್ಯವಂತರಲ್ಲ, ಜುಲೈ ಮೊದಲ ವಾರದಲ್ಲಿ ಬಂದರಿನ ಗುಂಪಿನಲ್ಲಿ ನಿಂತವರು. ಅತ್ತೆಗೆ ಆಗ 72. ಬಿಸಿಲಲ್ಲಿ ಟೋಪಿ ಹಾಕಿ ನಿಂತು, ಕೂವೆಮರದ ತುದಿಯಿಂದ ನೀರಿನ ಗೆರೆಯವರೆಗೆ ಒಂದು ಸಲ ಕಣ್ಣಾಡಿಸಿ, 'ಇಷ್ಟು ಸಣ್ಣದಾ!' ಅಂದರು. ನೂರಾಹದಿಮೂರು ಅಡಿ. ಊಟದ ಮೇಜಿನ ಮೇಲೆ ಅದು ಎಷ್ಟು ದೊಡ್ಡದಿತ್ತೋ ಏನೋ.

ಆಮೇಲೆ ಜುಲೈ 11ರಂದು, ಸ್ಟೆಲ್‌ವ್ಯಾಗನ್ ಬ್ಯಾಂಕ್ ಎಂಬ ರಕ್ಷಿತ ಕಡಲಿನಲ್ಲಿ, ಮಾರ್ಗನ್ ಪಕ್ಕಕ್ಕೆ ತಿಮಿಂಗಿಲಗಳು ಬಂದವು. ಹಡಗಿನವರು ಬೇಟೆಯ ದೋಣಿಯನ್ನು ನೀರಿಗಿಳಿಸಿದರು, ಈಟಿ ಇಲ್ಲದೆ. ಟಿವಿಯಲ್ಲಿ ನೋಡಿದೆವು. 'ಕೊಂದ ಹಡಗು ಕ್ಷಮೆ ಕೇಳಿತು' ಅಂತ ಯಾರೋ ಅಂದರು. ನನಗೆ ಆ ಮಾತು ಒಗ್ಗಲಿಲ್ಲ. ಕೊಂದವರೂ ಹಡಗಲ್ಲ, ಕ್ಷಮಿಸುವವರು ಯಾರು ಅಂತಲೂ ತಿಳಿಯದು.

ಆದರೆ ಒಂದು ವಿಷಯ ನನ್ನ ನಿದ್ದೆ ಕೆಡಿಸಿದೆ, ಅದನ್ನು ಹೇಳಬೇಕು. 2007ರಲ್ಲಿ ಅಲಾಸ್ಕಾದ ಇನ್ಯೂಪಿಯಾಟ್ ಬೇಟೆಗಾರರು ಒಂದು ಬೋಹೆಡ್ ಹಿಡಿದರು. ಅವರಿಗೆ ಊಟಕ್ಕೆ ಅದರ ಹಕ್ಕಿದೆ. ಕೊಯ್ಯುವಾಗ ಭುಜದ ಎಲುಬಿನ ಬಳಿ ಲೋಹದ ತುಂಡು ಸಿಕ್ಕಿತು. ನೋಡಿದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂ ಬೆಡ್‌ಫರ್ಡ್‌ನಲ್ಲೇ ತಯಾರಾದ ಸಿಡಿಯುವ ಈಟಿಯ ಚೂರು. ನೂರು ವರ್ಷಕ್ಕೂ ಮಿಕ್ಕಿ ಅದನ್ನು ಮೈಯಲ್ಲಿಟ್ಟುಕೊಂಡು ಈಜಿದೆ! ಬೋಹೆಡ್‌ಗಳು ಇನ್ನೂರು ವರ್ಷ ದಾಟಬಲ್ಲವು ಎನ್ನುತ್ತಾರೆ ವಿಜ್ಞಾನಿಗಳು. ಅಂದರೆ 1871ರಲ್ಲಿ ಆ ಹಿಮದ ಓಣಿಯಲ್ಲಿ ಮರಿಯಾಗಿದ್ದದ್ದು ಇವತ್ತೂ ಅಲ್ಲಿ ಉಸಿರು ಬಿಡುತ್ತಿರಬಹುದು. ಬಿಟ್ಟುಬಂದ ಹಡಗುಗಳಲ್ಲಿ ಎರಡರ ಅವಶೇಷವನ್ನು 2015ರಲ್ಲಿ ಅದೇ ಕಡಲಿನ ತಳದಲ್ಲಿ ಕಂಡಿದ್ದಾರೆ. ಹಡಗು ತಳದಲ್ಲಿ, ತಿಮಿಂಗಿಲ ಮೇಲೆ.

ನಡುವೆ ನನ್ನ ಮನೆಯ ಒಂದು ಮಾತು. ನನ್ನ ಅಜ್ಜಿಯ ಅಪ್ಪ ಮಂಜಿ ಎಂಬ ಸರಕಿನ ಹಾಯಿ ದೋಣಿಯಲ್ಲಿ ಹೋಗುತ್ತಿದ್ದವರು, ಮಂಗಳೂರು ಹಂಚು ತುಂಬಿಕೊಂಡು ಬಂದರಿನಿಂದ ಬಂದರಿಗೆ. ಅಜ್ಜಿ ಹೇಳಿದ್ದಿಷ್ಟೇ, ಅವರ ಕೈ ಮುಟ್ಟಿದರೆ ತೆಂಗಿನ ಹಗ್ಗ ಮುಟ್ಟಿದ ಹಾಗಿತ್ತಂತೆ. ಎತ್ತರ ಎಷ್ಟು, ಯಾವ ಮಂಜಿ, ಯಾವ ವರ್ಷ ಎಂದು ಹೇಳುವ ಒಂದು ಚೀಟಿ ಇಲ್ಲ, ಆ ಮಂಜಿಯೂ ಇಲ್ಲ. ಅತ್ತೆಯ ಕೈಯಲ್ಲಿ ಆ ಒಂದು ಸಾಲು ನೋಡಿದಾಗ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ.

ಸರಿ, ಎತ್ತರದ ಮಾತು. 2014ರ ಅಕ್ಟೋಬರ್‌ನಲ್ಲಿ, ಜನ ಕಡಿಮೆಯಾದ ಮೇಲೆ, ಮಾರ್ಗನ್ ನೋಡಲು ಅತ್ತೆಯೂ ನಾನೂ ಮಿಸ್ಟಿಕ್‌ಗೆ ಹೋದೆವು. ಹಡಗಿನ ಹಿಂಭಾಗದಲ್ಲಿ ಕಪ್ತಾನನ ಕೋಣೆ. ಅಲ್ಲೊಂದು ತೂಗುಮಂಚ, ಕಪ್ತಾನ್ ಲ್ಯಾಂಡರ್ಸ್‌ನ ಹೆಂಡತಿ ಲಿಡಿಯಾಳಿಗಾಗಿ ಮಾಡಿಸಿದ್ದು. ಹಡಗು ಎತ್ತ ವಾಲಿದರೂ ಮಂಚ ಮಟ್ಟಸವಾಗಿ ನಿಲ್ಲುತ್ತದೆ. ಮುಂಭಾಗದಲ್ಲಿ ಆಳುಗಳ ಕೋಣೆ, ಮೂತಿಯ ಕಡೆ ಚೂಪಾಗುತ್ತಾ ಹೋಗುವ ಕತ್ತಲೆ. ಗೋಡೆಗುಂಟ ಮಂಚದ ಗೂಡುಗಳು, ಮೇಲೊಂದು ಕೆಳಗೊಂದು, ಶವದ ಪೆಟ್ಟಿಗೆಗಿಂತ ಸ್ವಲ್ಪ ಸಡಿಲ. ಸ್ವಂತದ್ದು ಅಂತ ಒಂದು ಮರದ ಪೆಟ್ಟಿಗೆ, ಅದೇ ಕುರ್ಚಿ, ಅದೇ ಮೇಜು. ಅತ್ತೆ ಗೂಡಿನ ಅಂಚಿನಲ್ಲಿ ಕೂತು ಮರದ ಮೇಲೆ ಕೈಯಾಡಿಸಿದರು. ಏನೂ ಅನ್ನಲಿಲ್ಲ. ನಾನು ಕೈಚೀಲದಿಂದ ನೀರು ತೆಗೆದು ಕೊಟ್ಟೆ.

ಡೆಕ್ ಮೇಲೆ ಇಟ್ಟಿಗೆಯ ಒಲೆಯಿದೆ, ಎರಡು ದೊಡ್ಡ ಕಬ್ಬಿಣದ ಹಂಡೆ. ಮರದ ಹಡಗಿನ ಮೇಲೆ ಬೆಂಕಿ! ಅದಕ್ಕೇ ಇಟ್ಟಿಗೆಯ ಕೆಳಗೆ ನೀರಿನ ತೊಟ್ಟಿ. ತಿಮಿಂಗಿಲದ ಕೊಬ್ಬನ್ನು ಕಾಯಿಸಿ ಎಣ್ಣೆ ಬಿಡಿಸುವುದು ಇಲ್ಲೇ. ಎಣ್ಣೆ ಬಿಟ್ಟ ಕರಕಲು ಚೂರನ್ನೇ ಮತ್ತೆ ಒಲೆಗೆ ಹಾಕುತ್ತಿದ್ದರು, ತಿಮಿಂಗಿಲ ತನ್ನನ್ನು ತಾನೇ ಬೇಯಿಸಿಕೊಂಡ ಹಾಗೆ. ಹಂಡೆಗೆ ಹಾಕುವ ಮೊದಲು ಕೊಬ್ಬನ್ನು ತೆಳ್ಳಗೆ ಸೀಳಬೇಕು, ಆದರೆ ಚರ್ಮದ ಕಡೆ ಬಿಡಿಸಬಾರದು, ಪುಸ್ತಕದ ಹಾಳೆಗಳು ಬೆನ್ನಿಗೆ ಅಂಟಿದ ಹಾಗಿರಬೇಕು. ಅದಕ್ಕೆ 'ಬೈಬಲ್ ಹಾಳೆ' ಅಂತಲೇ ಹೆಸರು. ಅದಕ್ಕೂ ಮೊದಲಿನ ಕೆಲಸ, ಚಾಪೆಯಷ್ಟು ದೊಡ್ಡ ಕೊಬ್ಬಿನ ಹಾಸನ್ನು ತುಂಡು ಮಾಡುವುದು. ಅದು ಡೆಕ್ಕಿನ ಕೆಳಗಿನ ಕೋಣೆಯಲ್ಲಿ.

ಏಣಿ ಇಳಿದು ಆ ಕೋಣೆಗೆ ಹೋದೆವು. ಅತ್ತೆ ನನಗಿಂತ ಅರ್ಧ ಅಡಿ ಎತ್ತರ, ಮಂಡಿ ನೋವು ಬೇರೆ. ಅರ್ಧ ಇಳಿದು ಏಣಿಯ ಮೇಲೇ ನಿಂತರು. ನಾನು ಒಳಗೆ ಹೋಗಿ ತಲೆ ಎತ್ತಿದೆ, ತೊಲೆ ಠಣ್ಣನೆ ಬಡಿಯಿತು. ಅತ್ತೆಗೆ ಏನು ಹೊಳೆಯಿತೋ, 'ಅಲ್ಲೇ ನಿಲ್ಲು' ಅಂದರು. 'ನಿನ್ನ ಎತ್ತರ ಎಷ್ಟು?'

ಹೇಳಿದೆ.

ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಅವರ ರಕ್ತ ಹಂಚಿಕೊಂಡ ಮಗ ಆರಡಿ, ಮೊಮ್ಮಗ ಅವನನ್ನೂ ಮೀರುವ ಅಂದಾಜು, ಇಡೀ ಮನೆಯಲ್ಲಿ ಆ ಹುಡುಗನ ಅಳತೆಗೆ ಸಿಕ್ಕಿದ್ದು ಕರಾವಳಿಯಿಂದ ಬಂದ ಸೊಸೆ. 'ಕತ್ತರಿಸುವವನ ಹಾಗೆ ನಿಲ್ಲು' ಅಂದರು. ಬೆನ್ನು ಬಾಗಿಸಿ, ಕತ್ತು ಮುಂದೆ ಚಾಚಿ, ಎರಡು ಕೈಯಲ್ಲಿ ಇಲ್ಲದ ಸಲಿಕೆ ಹಿಡಿದು ನಿಂತೆ. ಕಾಲ ಕೆಳಗೆ ಎಣ್ಣೆ ಇಲ್ಲ, ಹಡಗು ಅಲುಗುತ್ತಿಲ್ಲ, ವಾಸನೆ ಇಲ್ಲ, ಹೊಗೆ ಇಲ್ಲ. ಆದರೂ ಮೊದಲು ಕತ್ತು ಹಿಡಿಯಿತು, ಆಮೇಲೆ ಸೊಂಟ. ಮೇಲೆ ಯಾರದೋ ಮಕ್ಕಳು ಓಡಾಡುವ ಸದ್ದು. ಸಾಕು ಅಂತ ಹೊರಬಂದು ಬೆನ್ನು ನೆಟ್ಟಗೆ ಮಾಡಿಕೊಂಡೆ.

'ಒಲೆ ಹೊತ್ತಿದಾಗ ಒಬ್ಬೊಬ್ಬನ ಪಾಳಿ ಎಷ್ಟು ಹೊತ್ತು?' ಅಂತ ಕೇಳಿದರು.

'ಆರು ಗಂಟೆ ಕೆಲಸ, ಆರು ಗಂಟೆ ಬಿಡುವು' ಅಂದೆ.

ಅತ್ತೆ ಕೈಗಡಿಯಾರ ನೋಡಿದರು. 'ನೀನು ನಿಂತದ್ದು ನಾಲ್ಕು ನಿಮಿಷ' ಅಂದರು.